ಕಾಳ್ಯಾನ ಐದನೇ ಇಂಜೆಕ್ಷನ್

ಇದನ್ನು ನೀವು ನಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಹಟ ಹಿಡಿಯುವಷ್ಟು ತ್ರಾಣವೂ ಉಳಿದಿಲ್ಲ. ಆದರೆ ನಡೆದದ್ದು ನಿಜ. ನನ್ನ ಕಣ್ಣೆದುರಿಗೇ... ಅಲ್ಲ, ಕಿವಿಯ ಪಕ್ಕದಲ್ಲೇ ನಡೆದದ್ದು.

ನಾನು ಪಶುವೈದ್ಯೆ. ಅಫಜಲಪುರದಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ಅಂದು ಬೆಳಗಿನಿಂದ ಚೌಡಾಪುರದಲ್ಲಿ ಎಮ್ಮೆಯೊಂದರ ಹೆರಿಗೆಗೆ ಒದ್ದಾಡಿ, ತೋಳು ಎತ್ತಲಾಗದಷ್ಟು ನೋಯಿಸಿಕೊಂಡು ರಾತ್ರಿ ಮನೆಗೆ ಬಂದಿದ್ದೆ. ಒಂದು ತುತ್ತು ರೊಟ್ಟಿ ಬಾಯಿಗಿಟ್ಟಿದ್ದೆ, ಅಷ್ಟೇ. ಫೋನ್ ಬಂತು. ಅತನೂರಿನ ಶರಣಪ್ಪ.

“ಮೇಡಂ, ನಮ್ಮ ನಾಯಿ ಕಾಳ್ಯಾ ನಡಗಾಕತ್ತಾದ್ರಿ. ಬಾಯಾಗ ಬರೇ ನೊರಿ. ಜಲ್ದಿ ಬರ್ರಿ.”

“ಏನ್ ತಿಂದದ?”



“ತಿಂದಿಲ್ರಿ. ಮೈಮ್ಯಾಲ ಉಣ್ಣಿ ಭಾಳ ಆಗಿದ್ವು. ತೊಗರಿಗಿ ಹೊಡದ ಎಣ್ಣಿ ಉಳದಿತ್ತು... ಅದನ್ನ ನೀರಾಗ ಕಲಸಿ ಹಚ್ಚೀನ್ರಿ.”

ಎಣ್ಣಿ ಎಂದರೆ ಕೀಟನಾಶಕ. ನಮ್ಮ ಕಡೆ ಅದಕ್ಕೆ ಅದೇ ಹೆಸರು. ತೊಗರಿಯ ಹುಳ ಸಾಯುತ್ತದೆ ಎಂದ ಮೇಲೆ ನಾಯಿಯ ಉಣ್ಣೆಯೂ ಸಾಯಬೇಕಲ್ಲ ಎಂಬುದು ಇವರ ಲೆಕ್ಕ. ಉಣ್ಣೆ ಸಾಯುತ್ತದೆ, ಸುಳ್ಳಲ್ಲ. ಅದರ ಹಿಂದೆ ನಾಯಿಯೂ ಸಾಯುತ್ತದೆ. ಇದನ್ನು ಹಳ್ಳಿ ಹಳ್ಳಿಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿತ್ತು. ಬೈಯುವ ಉಮೇದೂ ಇರಲಿಲ್ಲ. ಸೋಪು ಹಚ್ಚಿ ಮೈ ತೊಳೆಯಿರಿ ಎಂದಷ್ಟೇ ಹೇಳಿ ಕಾರು ತೆಗೆದೆ.

ಅತನೂರು ಮುಟ್ಟಿದಾಗ ಊರಲ್ಲಿ ಕರೆಂಟ್ ಇರಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಶರಣಪ್ಪ ಬ್ಯಾಟರಿ ಹಿಡಿದು ನಿಂತಿದ್ದ. ಅವನ ಹೆಂಡತಿ ಮಹಾದೇವಿ ಬರಿಗೈಯಲ್ಲೇ ನಾಯಿಯನ್ನು ತಿಕ್ಕುತ್ತಿದ್ದಳು. ಸೀರೆಯೆಲ್ಲ ತೊಯ್ದಿತ್ತು. ಸೋಪಿನ ಪರಿಮಳದೊಳಗೆ ಕೊಳೆತ ಬೆಳ್ಳುಳ್ಳಿಯಂಥ ಆ ವಾಸನೆ... ಒಮ್ಮೆ ಮೂಸಿದವರು ಮರೆಯುವುದಿಲ್ಲ.

“ಮೂರು ಸಲ ತೊಳದೀನ್ರಿ. ಉಳಿತಾದೇನ್ರಿ?” ಎಂದಳು.

“ನೋಡೋಣು. ನೀ ಕೈ ತೊಳಕೊಂಡು ಒಳಗ ಹೋಗಿ ಮಲಗವ್ವ,” ಎಂದೆ. ಅವಳ ಮುಖವನ್ನೂ ನೋಡಲಿಲ್ಲ. ಬರೆಯುವಾಗ ನಾಚಿಕೆಯಾಗುತ್ತದೆ.

ಕಾಳ್ಯಾನ ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. ಕಾಲು ಅದುರುತ್ತಿದ್ದವು. ಈ ವಿಷಕ್ಕೆ ನನ್ನ ಬಳಿ ಇದ್ದ ಮದ್ದು ಅಟ್ರೋಪಿನ್ ಒಂದೇ. ಜೊಲ್ಲು ನಿಲ್ಲುವವರೆಗೆ ಆಗಾಗ ಕೊಡುತ್ತಲೇ ಇರಬೇಕು. ಬಾಯಿ ಒಣಗಿದ ಮೇಲೂ ಕೊಟ್ಟರೆ ಅದೇ ಮದ್ದು ಎದೆಗೆ ಬಡಿಯುತ್ತದೆ. ಮೊದಲ ಇಂಜೆಕ್ಷನ್ ಕೊಟ್ಟೆ. ನಡುಕ ಸ್ವಲ್ಪ ತಗ್ಗಿತು. ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತೆ... ಕಣ್ಣು ಯಾವಾಗ ಮುಚ್ಚಿತೋ ತಿಳಿಯಲಿಲ್ಲ.

“ಮೇಡಂ... ಹೊತ್ತಾತ್ರಿ.”

ಬಾಗಿಲ ಹಿಂದಿನಿಂದ ಬಂದ ದನಿ. ಮಹಾದೇವಿಯದು. ದಿಗ್ಗನೆ ಎದ್ದು ನೋಡಿದರೆ ಕಾಳ್ಯಾನ ಬಾಯಿಂದ ಮತ್ತೆ ನೊರೆ ಇಳಿಯುತ್ತಿತ್ತು. ಕಟ್ಟೆಯ ಮೇಲೆ ಬ್ಯಾಟರಿ ಉರಿಯುತ್ತಿತ್ತು, ಶರಣಪ್ಪ ಇರಲಿಲ್ಲ. ಒಳಗೆ ಮಲಗಿರಬೇಕು ಎಂದುಕೊಂಡೆ. ಎರಡನೆಯದು ಕೊಟ್ಟು ಮತ್ತೆ ಒರಗಿದೆ.

“ಹೊತ್ತಾತ್ರಿ, ಮೇಡಂ.”

ಮೂರನೆಯದು. ಪಾಪ, ಇವಳೂ ಮಲಗಿಲ್ಲವಲ್ಲ ಎನಿಸಿತು. ಹೋಗಿ ಮಲಗು ಎನ್ನಲು ನಾಲಗೆ ಏಳಲಿಲ್ಲ. ಇನ್ನೊಂದು ಸಲ ಕರೆದಳು. ನಾಲ್ಕನೆಯದೂ ಆಯಿತು. ಎಷ್ಟು ಹೊತ್ತಿಗೊಮ್ಮೆ ಎಬ್ಬಿಸುತ್ತಿದ್ದಳೋ ಗೊತ್ತಿಲ್ಲ, ಆದರೆ ಎದ್ದಾಗಲೆಲ್ಲ ನಾಯಿಗೆ ಮದ್ದು ಬೇಕೇ ಇತ್ತು.

ಅದರ ಮುಂದಿನ ಸಲ ನಾನಾಗಿಯೇ ಬೆಚ್ಚಿ ಎದ್ದೆ. ಗಾಬರಿಯಲ್ಲಿ ನಾಯಿಯನ್ನು ನೋಡದೆಯೇ ಐದನೆಯದನ್ನು ಸಿರಿಂಜಿಗೆ ಎಳೆದುಕೊಂಡೆ. ಸೂಜಿ ಇನ್ನೇನು ಚರ್ಮಕ್ಕೆ ತಾಗಬೇಕು...

“ಸಾಕ್ರಿ. ಬಾಯಿ ಒಣಗ್ಯಾದ.”

ಈ ಸಲ ದನಿ ಕಿವಿಗೆ ತೀರ ಹತ್ತಿರ ಬಂದಿತ್ತು. ಬಿಸಿಯುಸಿರು ತಾಗಿದಂತಾಯಿತು. ಕಾಳ್ಯಾನ ತುಟಿ ಎತ್ತಿ ಮುಟ್ಟಿದೆ. ಒಸಡು ಒಣಗಿತ್ತು. ಎದೆಗೆ ಕೈಯಿಟ್ಟರೆ ಬಡಿತ ಎಣಿಸಲಾಗದಷ್ಟು ಜೋರು. ಆ ಇಂಜೆಕ್ಷನ್ ಕೊಟ್ಟಿದ್ದರೆ ನಾಯಿ ಉಳಿಯುತ್ತಿರಲಿಲ್ಲ. ಸಿರಿಂಜನ್ನು ಖಾಲಿ ಮಾಡಿ ಚೀಲಕ್ಕೆ ಹಾಕಿದೆ. “ಚಲೋ ಹೇಳಿದಿ ಮಹಾದೇವಿ,” ಎಂದೆ. ನಾಯಿಯ ಪಕ್ಕದಲ್ಲೇ ಮುದುಡಿ ಮಲಗಿಬಿಟ್ಟೆ.

ಬೆಳಕು ಹರಿಯುವಾಗ ಒಂದು ಟಂಟಂ ಆಟೋ ಬಂದು ನಿಂತಿತು. ಅದರಿಂದ ಶರಣಪ್ಪ ಒಬ್ಬನೇ ಇಳಿದ. ಕಾಳ್ಯಾ ಬಾಲ ಅಲ್ಲಾಡಿಸಿದ್ದು ಕಂಡು ಅಲ್ಲೇ ಕುಕ್ಕರಿಸಿ ಅತ್ತ.

“ಎಲ್ಲಿ ಹೋಗಿದ್ದಿ?” ಎಂದೆ.

“ನಿಮಗ ಹೇಳೇ ಹೋಗೀನಲ್ರಿ. ಹೂಂ ಅಂದ್ರಿ. ಮಹಾದೇವಿಗಿ ಒಂದೇ ಸವನ ವಾಂತಿ ಹತ್ತಿತ್ತು. ಕೈಲೆ ತಿಕ್ಕಿದ್ಲಲ್ರಿ... ಆ ಎಣ್ಣಿ ಅಕಿಗೂ ಹತ್ತಿತ್ತು. ಅಫಜಲಪುರ ದವಾಖಾನಿಗಿ ಹಾಕೀನಿ. ಈಗ ಪರವಾ ಇಲ್ಲ, ಅಕಿ ಅಕ್ಕ ಬಂದಾಳ.”

ಹಾಗೆನ್ನುತ್ತಲೇ ಅಂಗಿಯ ಜೇಬಿನಿಂದ ಚಾವಿ ತೆಗೆದು, ನಾನು ರಾತ್ರಿಯೆಲ್ಲ ಒರಗಿದ್ದ ಗೋಡೆಯ ಪಕ್ಕದ ಬಾಗಿಲ ಬೀಗ ತೆಗೆದ. ಬೀಗ ಹೊರಗಿನಿಂದ ಹಾಕಿತ್ತು. ಮನೆಗೆ ಅದೊಂದೇ ಬಾಗಿಲು.

ನಾನು ಒಳಗೆ ಇಣುಕಿದೆ. “ಒಳಗ ಮತ್ಯಾರಿದ್ರು?”

“ಯಾರ್ ಇರ್ತಾರ್ರಿ? ನಾವಿಬ್ಬರೇ,” ಎಂದ. ಆಮೇಲೆ ದನಿ ತಗ್ಗಿಸಿದ. “ಒಂದ್ ಹೇಳ್ತೇನಿ ಮೇಡಂ. ದವಾಖಾನ್ಯಾಗ ಅಕಿಗೂ ನೀವು ಕಾಳ್ಯಾಗ ಕೊಟ್ಟ ಅಟ್ರೋಪಿನ್ ಸೂಜಿನೇ ಮಾಡಿದ್ರು, ಹೆಸರು ಕೇಳೀನಿ. ಸೂಜಿ ಹೊತ್ತಿಗಿ ಸರಿಯಾಗಿ ಕಣ್ಣ ಮುಚ್ಚಿಕೊಂಡೇ ‘ಮೇಡಂ, ಹೊತ್ತಾತ್ರಿ’ ಅಂತಿದ್ಲು. ಅಲ್ಲಿದ್ದವರು ಗಂಡು ಡಾಕ್ಟರ್ರಿ, ಮೇಡಂ ಯಾರೂ ಇದ್ದಿಲ್ಲ. ಮೂರು ಸಲ ಅಂದ್ಲು. ಆಮ್ಯಾಲ ‘ಸಾಕ್ರಿ, ಬಾಯಿ ಒಣಗ್ಯಾದ’ ಅಂದು ಮಲಗಿದ್ಲು.”

ನಾನಿನ್ನೂ ಅವನಿಗೆ ಏನೂ ಹೇಳಿರಲಿಲ್ಲ.

ವಾರದೊಳಗೆ ಮಹಾದೇವಿ ಮನೆಗೆ ಬಂದಳು. ಕಾಳ್ಯಾನೂ ಓಡಾಡುತ್ತಾನೆ. ಅವಳಿಗೆ ಆ ರಾತ್ರಿಯ ಒಂದು ಮಾತೂ ನೆನಪಿಲ್ಲ. ನಾನು ಹೋದಾಗಲೆಲ್ಲ, ನನ್ನ ನಾಯಿ ಉಳಿಸಿದಿರಿ ಎಂದು ಚಹಾ ಕೊಡುತ್ತಾಳೆ. ಅಂದು ಅವಳು ಕರೆದದ್ದು ನಾಯಿಗಾಗಿಯೋ, ತನಗಾಗಿಯೋ... ನನಗೆ ಇವತ್ತಿಗೂ ತಿಳಿದಿಲ್ಲ. ಮೂರು ಸಲವೂ ನಾನು ನಾಯಿಯ ಕಡೆಗೇ ತಿರುಗಿದ್ದೆ.