‘ಈಗ ಬಂದೆ’ ಎಂಬುದಕ್ಕೆ ಹೀಬ್ರೂ

ಬೆಳಕು ಹರಿಯುವ ಮೊದಲೇ ಮುಂಬಯಿ ಕಾಂದಿವಲಿಯ ಈ ಚಾಳಿನ ಕೋಣೆಯಲ್ಲಿ ಜಗಳ ಶುರುವಾಗಿದೆ. “ಈಗ ಅಂದ್ರ ಯಾವಾಗ? ಹೇಳು!” ಎಂದು ಇಂದ್ರಾಬಾಯಿ ಕೂಗುತ್ತಾರೆ. ಚಾಪೆಯ ಮೇಲೆ ಕುಳಿತ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಾರೆ. “ಈಗ ಅಂದ್ರ... ಈಗ್ರೀ ಬಾಯಿ” ಎನ್ನುತ್ತಾಳೆ ಅಂಬವ್ವ. “ಅಖ್ಶಾವ್! ಅಖ್ಶಾವ್ ಅಂದಿ ಅಂದ್ರ ಬಾಯಿ ಮುಚ್ಚೂದ್ರಾಗ ಅಲ್ಲಿರಬೇಕು!” ಎಂದು ಇಂದ್ರಾಬಾಯಿ ಗದರುತ್ತಾರೆ.

ಇದು ಹೀಬ್ರೂ ಪಾಠ; ಅಖ್ಶಾವ್ ಎಂದರೆ ಈಗ. ವಿಜಯಪುರದ ಕಡೆಯಿಂದ ಬಂದು ಇಲ್ಲಿನ ಬಿಲ್ಡಿಂಗುಗಳಲ್ಲಿ ಮನೆಗೆಲಸ ಮಾಡುವ ಇವರೆಲ್ಲ ಇಸ್ರೇಲಿಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಹಿಡಿಯಬೇಕೆಂದಿದ್ದಾರೆ. ಏಜೆನ್ಸಿಯ ಕಿಶೋರ ‘ರೈಟ್ ಅವೇ’, ‘ಒನ್ಸ್ ಇನ್ ಎ ವೈಲ್’ ಎಂದು ಇಂಗ್ಲಿಷ್ ಮಾತುಗಳನ್ನು ವಾಟ್ಸಾಪಿನಲ್ಲಿ ಕಳಿಸುತ್ತಾನೆ. ಇಂದ್ರಾಬಾಯಿ ಅವನ್ನು ಹೀಬ್ರೂ ಮಾಡಿ ಹೇಳುತ್ತಾರೆ, ಹೆಂಗಸರು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಇಸ್ರೇಲಿನ ಹೈಫಾದಲ್ಲಿ ದುಡಿದು, ಮೊಣಕಾಲು ಕೈಕೊಟ್ಟ ಮೇಲೆ ವಾಪಸಾದ ಈಕೆಗೆ ಹೀಬ್ರೂ ಓದಲು ಬರುವುದಿಲ್ಲ. “ಅಕ್ಷರ ಎಲ್ಲೀದ್ರಿ? ಬೈಸ್ಕೊಂಡು ಬೈಸ್ಕೊಂಡು ಕಲ್ತದ್ದು” ಎನ್ನುತ್ತಾರೆ.

ಮಾತು ಕಲಿಸುವುದು ಕಷ್ಟವಲ್ಲ, ಆಡಿದಂತೆ ನಡೆಸುವುದೇ ತಲೆನೋವು. ಎಲ್ಲಿದ್ದೀ ಎಂದು ಕೇಳಿದರೆ ‘ಬಂದೇಬಿಟ್ಟೆ’ ಎನ್ನುವುದು ನಮ್ಮಲ್ಲಿ ಸುಳ್ಳಲ್ಲ, ಮರ್ಯಾದೆ. ಹೇಳಿದವರು ಇನ್ನೂ ಸ್ನಾನಕ್ಕೇ ಹೋಗಿರುವುದಿಲ್ಲ. ಕೇಳಿದವರಿಗೂ ಅದು ಗೊತ್ತಿರುತ್ತದೆ, ಅವರು ಆರಾಮಾಗಿ ಇನ್ನೊಂದು ಚಹಾ ಕುಡಿಯುತ್ತಾರೆ. ಇದೇ ಕೋಣೆಯಲ್ಲಿ ಕಲಿತು ಹೋದ ವಿನೋದಿನಿ ಒಮ್ಮೆ ಬಸ್ ಸ್ಟಾಪಿನಲ್ಲಿ ನಿಂತು, ತಾನು ನೋಡಿಕೊಳ್ಳುತ್ತಿದ್ದ ಅಜ್ಜನಿಗೆ ಫೋನಿನಲ್ಲಿ ‘ಈಗ ಬಂದೆ’ ಎಂದಳು.

“ಆ ಮುದುಕ ಖರೇ ಅಂತ ತಿಳಿದು ಬಾಗಲಾ ತಗದು ನಿಂತ್ರಿ. ನಿಂತs ನಿಂತ. ಬಸ್ಸೇ ಬಂದಿಲ್ಲ ಇಕಿಗೆ! ಬಿದ್ದು ಸೊಂಟ ಮುರ್ಕೊಂಡ. ಇಕೀನ್ನ ಮನಿಗೆ ಕಳಿಸಿದ್ರು” ಎನ್ನುವಾಗ ಇಂದ್ರಾಬಾಯಿಗೆ ಇಂದಿಗೂ ಸಿಟ್ಟು ನೆತ್ತಿಗೇರುತ್ತದೆ.

ಇಂದು ಮಧ್ಯಾಹ್ನ ಅಂಬವ್ವನ ಇಂಟರ್‌ವ್ಯೂ. ಎರಡು ಸಲ ಫೇಲಾಗಿದ್ದಾಳೆ, ಇದೂ ಹೋದರೆ ಏಜೆನ್ಸಿ ಅವಳ ಹೆಸರು ಕಿತ್ತುಹಾಕುತ್ತದೆ. “ಮಂದಿ ಬಚ್ಚಲಾ ತಿಕ್ಕಿ ಸಾಕಾಗೇದ್ರಿ. ಒಂದು ಜೀವಾ ನೋಡ್ಕೊಳ್ಳೂ ಕೆಲಸ ಬೇಕು” ಎನ್ನುತ್ತಾಳೆ.

ಸಾಂತಾಕ್ರೂಜಿನ ಏಜೆನ್ಸಿ ಆಫೀಸಿಗೆ ಅವರಿಬ್ಬರ ಜೊತೆ, ಈ ಪಾಠದ ಬಗ್ಗೆ ಬರೆಯಲು ಬಂದ ನಾನೂ ಹೋಗುತ್ತೇನೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಕಿಶೋರನದು ಒಂದೇ ಮಂತ್ರ: “ಟೆನ್ಶನ್ ಯಾಕೆ? ಏನ್ ಕೇಳಿದ್ರೂ ತೇಖೆಫ್ ಬೋಲ್‌ನೇ ಕಾ, ಬಸ್!” ತೇಖೆಫ್ ಎಂದರೆ ತಕ್ಷಣ. ಇಂದ್ರಾಬಾಯಿ ಹಲ್ಲು ಕಡಿಯುತ್ತಾರೆ. “ತನ್ನ ಅವ್ವನ್ನ ನೋಡ್ಕೊಳ್ಳಾಕ ಎಲ್ಲಾದಕ್ಕೂ ತೇಖೆಫ್ ಅನ್ನಾಕಿನ್ನ ಇಟ್ಕೊಂತಾನೇನ್ರಿ ಇಂವಾ?”

ಲ್ಯಾಪ್‌ಟಾಪಿನ ಪರದೆಯಲ್ಲಿ ಇಸ್ರೇಲಿನ ಒಬ್ಬ ಮಧ್ಯವಯಸ್ಸಿನ ಹೆಂಗಸು. ಹೀಬ್ರೂದಲ್ಲಿ ಅವಳ ಪ್ರಶ್ನೆ: ನೀನು ಒಲೆ ಮುಂದೆ ಇದ್ದೀ, ನಮ್ಮ ತಾಯಿ ಕೂಗುತ್ತಾರೆ, ಯಾವಾಗ ಬರುತ್ತೀ? ಪಕ್ಕದಲ್ಲಿ ಕಿಶೋರ ‘ತೇಖೆಫ್, ತೇಖೆಫ್’ ಎಂದು ತುಟಿ ಆಡಿಸುತ್ತಿದ್ದಾನೆ. ಇಂದ್ರಾಬಾಯಿ ಕಣ್ಣು ಮುಚ್ಚಿಕೊಂಡಿದ್ದಾರೆ.

“ಕೋದೆಮ್ ಗ್ಯಾಸ್” ಎನ್ನುತ್ತಾಳೆ ಅಂಬವ್ವ. “ಅಖರ್ ಕಾಖ್... ಅನಿ.” ಮೊದಲು ಗ್ಯಾಸು, ಆಮೇಲೆ ನಾನು.

ಪರದೆಯಲ್ಲಿದ್ದವಳು ನಕ್ಕು, ಹಾಗಾದರೆ ನಮ್ಮ ಮನೆಗೆ ಯಾವಾಗ ಹೊರಡಬಲ್ಲೆ ಎಂದು ಕೇಳುತ್ತಾಳೆ. ಅಂಬವ್ವ ಹಿಂದೆಮುಂದೆ ನೋಡದೆ ಕೂಗಿಯೇಬಿಡುತ್ತಾಳೆ: “ಅಖ್ಶಾವ್!”

ವೀಸಾ ಇಲ್ಲ, ಟಿಕೆಟ್ ಇಲ್ಲ. ಇಂದ್ರಾಬಾಯಿ ಹಣೆ ಚಚ್ಚಿಕೊಳ್ಳುತ್ತಾರೆ. ಸ್ಟೇಷನ್ನಿಗೆ ನಡೆಯುವಾಗ, ಇಷ್ಟು ಕಲಿಸಿದ್ದು ನೀರಿನಲ್ಲಿ ಹೋಮವಾಯಿತಲ್ಲ ಎಂದು ನಾನು ಕೆಣಕುತ್ತೇನೆ. ಮುಂದೆ ಹೋಗುತ್ತಿರುವ ಅಂಬವ್ವನತ್ತ ಅವರು ಕೈ ತೋರಿಸುತ್ತಾರೆ.

“ಅದೊಂದು ಸುಳ್ಳಲ್ಲ ಬಿಡ್ರಿ. ಅಕಿ ಆಗ್ಲೇ ಕುರ್ಚಿ ಬಿಟ್ಟು ಎದ್ದು ನಿಂತಿದ್ಲು.”