ಅಂಗಳದ ಮೊರದಲ್ಲಿದ್ದ ಕೂಸು

ದೆವ್ವ, ಗಾಳಿ, ಸೋಂಕು ಎಂದರೆ ನಗುತ್ತಿದ್ದವಳು ನಾನು. ನರ್ಸಿನ ಕೆಲಸಕ್ಕೆ ಸೇರಿದ ಮೇಲಂತೂ ಆ ನಗು ಇನ್ನೂ ಜೋರಾಯಿತು. ಮಂದಿ ದೆವ್ವ ಎಂದು ತೋರಿಸಿದ್ದರಲ್ಲಿ ಅರ್ಧ ಜ್ವರ, ಇನ್ನರ್ಧ ಉಪವಾಸ ಎಂಬುದು ನನ್ನ ಲೆಕ್ಕ. ಅಂಥವಳು ಇದನ್ನು ಬರೆಯುತ್ತಿದ್ದೇನೆ. ನಂಬಿ ಎಂದು ಹೇಳುವುದಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ.

ಎಪ್ಪತ್ತರ ದಶಕದ ಕೊನೆ. ಮುಂಡರಗಿಯಿಂದ ಬೆಟಗೇರಿಗೆ ಆಗಷ್ಟೇ ವರ್ಗವಾಗಿ ಬಂದಿದ್ದೆ. ನೇಕಾರರ ಓಣಿಗಳಲ್ಲಿ ತಿರುಗಿ ಬಾಣಂತಿಯರನ್ನು ನೋಡಿಬರುವ ಕೆಲಸ. ಮದುವೆಯಾಗಿರಲಿಲ್ಲ, ಅಪ್ಪ ಅವ್ವ ತೀರಿಕೊಂಡಿದ್ದರು. ಹಗಲೆಲ್ಲ ಮಂದಿಯ ಕೂಸುಗಳನ್ನು ಎತ್ತಿ ಆಡಿಸಿ, ಸಂಜೆ ಬಾಡಿಗೆ ಕೋಣೆಗೆ ಬಂದು ಒಬ್ಬಳೇ ಎರಡು ರೊಟ್ಟಿ ಬಡಿದುಕೊಂಡು ತಿನ್ನುವುದು. ಎಷ್ಟೋ ದಿನ ಸಂಜೆಯಿಂದ ಬೆಳಗಿನವರೆಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

ಅಂದು ನಡುಮಧ್ಯಾಹ್ನ. ಒಂದು ಮನೆಯಲ್ಲಿ ಹೆರಿಗೆಯಾಗಿ ಮೂರು ದಿನವಾಯಿತು ಎಂದು ಖಬರು ಬಂದಿತ್ತು, ಹೋದೆ. ಒಳಗೆ ಮಗ್ಗದ ಸಪ್ಪಳ. ಅಂಗಳದ ಉರಿಬಿಸಿಲಿನಲ್ಲಿ ಒಂದು ಮೊರ, ಮೊರದಲ್ಲಿ ಕೂಸು. ತಲೆಗೆ ಹಸಿರು ದಡಿಯ ಕುಂಚಿಗೆ. ಮುಖ ಅರಿಶಿನ ಬಳಿದಂತೆ ಹಳದಿ, ಕಣ್ಣಿನ ಬಿಳಿಯೂ ಹಳದಿ. ಅಳುತ್ತಿರಲಿಲ್ಲ. ಅಂಥ ಬಿಸಿಲಿಗೂ ಕಣ್ಣು ಮುಚ್ಚದೆ ಮೇಲೆ ನೋಡುತ್ತಿತ್ತು. ನನಗೆ ಪಿತ್ತ ನೆತ್ತಿಗೇರಿತು. ಮೊದಲು ಬೈಯಬೇಕೆಂದು ಸೀದಾ ಒಳಗೆ ನುಗ್ಗಿದೆ.

“ಹಸಿಗೂಸನ್ನ ಬಿಸಲಾಗ ಯಾರು ಹಾಕಿದ್ರಿ? ಬುದ್ಧಿ ಐತೇನು ನಿಮಗ?”

ಬಾಣಂತಿಯ ಅತ್ತೆ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು ಕೈ ನಿಲ್ಲಿಸಿದಳು. “ಏನ್ ಮಾತಂತ ಆಡ್ತೀರಿ ಬಾಯಾರ? ಕೂಸು ಇನ್ನೂ ಹೊಸ್ತಿಲಾ ದಾಟಿಲ್ಲ. ಒಳಗ ತಾಯಿ ಮಗ್ಗಲಾಗ ಐತಿ.”

ತಿರುಗಿ ಅಂಗಳಕ್ಕೆ ಬಂದೆ. ಮೊರ ಅಲ್ಲೇ ಇತ್ತು. ಅದರ ತುಂಬ ಒಣಹಾಕಿದ ಮೆಣಸಿನಕಾಯಿ.

ನಮ್ಮ ಕಡೆಯ ಬಾಣಂತಿ ಕೋಣೆ ಹೇಗಿರುತ್ತದೆಂದು ಬಲ್ಲವರು ಬಲ್ಲರು. ಗಾಳಿ ತಾಕಬಾರದೆಂದು ಕಿಟಕಿಗೆ ಗೋಣಿತಟ್ಟು, ಹೊರಸಿನ ಕೆಳಗೆ ಕೆಂಡ, ಮೂಲೆಯಲ್ಲೊಂದು ಎಣ್ಣೆದೀಪ. ಆ ಬೆಳಕಿನಲ್ಲಿ ಕೂಸೂ ಹಳದಿ, ತಾಯಿಯೂ ಹಳದಿ, ಗೋಡೆಯೂ ಹಳದಿ. ಯಾರಿಗೆ ಗೊತ್ತಾಗಬೇಕು? ಬೇರೆ ದಿನವಾಗಿದ್ದರೆ ನಾನೂ ತೂಕ ನೋಡಿ ಎದ್ದುಬರುತ್ತಿದ್ದೆ. ಅಂದು ಅತ್ತೆಯ ಕೂಗಾಟ ಕಿವಿಗೆ ಹಾಕಿಕೊಳ್ಳದೆ ಕೂಸನ್ನು ಬಾಗಿಲಿಗೆ ತಂದೆ. ಬೆಳಕಿನಲ್ಲಿ ಅದೇ ಹಳದಿ. ಆದರೆ ಇದರ ತಲೆ ಬರಿದಾಗಿತ್ತು, ಕಣ್ಣು ಮುಚ್ಚಿತ್ತು. ಹಾಲು ಕುಡಿಯುವುದನ್ನೂ ಬಿಟ್ಟು ಕೈಯಲ್ಲಿ ಜೋಲುಬಿದ್ದಿತ್ತು.

ಬಾಡಿಗೆ ಮೋಟಾರು ಹಿಡಿದು ತಾಯಿ ಕೂಸನ್ನು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ತಾಯಿಯ ರಕ್ತಕ್ಕೂ ಕೂಸಿನ ರಕ್ತಕ್ಕೂ ಹೊಂದಿಕೆಯಿಲ್ಲ, ಇನ್ನಷ್ಟು ತಡವಾಗಿದ್ದರೆ ಕಾಮಾಲೆ ಮಿದುಳಿಗೇರುತ್ತಿತ್ತು ಎಂದರು ಡಾಕ್ಟರು. ಹೊಕ್ಕುಳಿನ ನಾಳದಿಂದ ಹಳೆಯ ರಕ್ತ ತೆಗೆದು ಹೊಸದನ್ನು ಹಾಕಿದರು. ಕಣ್ಣಿಗೆ ಬಟ್ಟೆ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದರು. ಕೂಸು ಉಳಿಯಿತು.

ಅದು ಅತ್ತು ಹಾಲು ಕೇಳಿದ ದಿನ, ತಾಯಿ ನನ್ನನ್ನು ಹತ್ತಿರ ಕರೆದಳು. “ಬಾಯಾರ, ಅಂಗಳದಾಗ ಕೂಸು ಕಂಡೀನಿ ಅಂದ್ರೆಲ್ಲಾ, ಅದರ ತಲಿಗೆ ಏನಿತ್ರಿ?”

ಹಸಿರು ದಡಿಯ ಕುಂಚಿಗೆ ಎಂದೆ.

ಅವಳು ಕೂಸಿನ ಬರಿತಲೆ ಸವರಿದಳು. “ಹಿಂದಿನ ಕೂಸೂ ಹಿಂಗ ಹಳದಿ ಆಗಿ ಹೋತ್ರಿ. ನಮ್ಮನಿಯವರು ನೇದ ಸೀರಿ ತುಂಡಿನಾಗ ಕುಂಚಗಿ ಹೊಲದಿದ್ದೆ. ಅದನ್ನ ಹಾಕೇ ಮಣ್ಣಿಗಿಟ್ರು. ಬಿಸಲಾ ಕಾಣಲಿಲ್ರಿ ಅದು.” ಮತ್ತೆ ಕೇಳಿದಳು: “ಅಳತಿತ್ತೇನ್ರಿ?”

“ಇಲ್ಲವಾ. ಸುಮ್ಮನ ಮ್ಯಾಲೆ ನೋಡತಿತ್ತು.”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬಿಸಿಲಿಗೆ ಕಣ್ಣು ಕಟ್ಟಿರಬೇಕು ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೆ. ಆದರೆ ಕುಂಚಿಗೆ? ಹಿಂದಿನ ಕೂಸು ತೀರಿಕೊಂಡಾಗ ನಾನು ಮುಂಡರಗಿಯಲ್ಲಿದ್ದೆ. ಆ ಮನೆ ಯಾವುದು, ಆ ಮಂದಿ ಯಾರು, ಏನೂ ಗೊತ್ತಿರಲಿಲ್ಲ. ಅಂದು ಹುಬ್ಬಳ್ಳಿಯಿಂದ ಕೋಣೆಗೆ ಬಂದಾಗಲೂ ಹೇಳಿಕೊಳ್ಳಲು ಯಾರೂ ಇರಲಿಲ್ಲ, ಹಾಗಾಗಿ ಇದು ನನ್ನೊಳಗೇ ಉಳಿಯಿತು.

ಲೆಕ್ಕವಿಲ್ಲದಷ್ಟು ಕೂಸುಗಳನ್ನು ಎತ್ತಿದ ಕೈ ಇದು. ಅದೊಂದನ್ನು ಎತ್ತಲಿಲ್ಲ. ಎತ್ತಿದ್ದರೆ ಕೈಗೆ ಭಾರ ಹತ್ತುತ್ತಿತ್ತೋ ಇಲ್ಲವೋ ಎಂದು ಒಬ್ಬಳೇ ಕೂತಾಗ ಈಗಲೂ ಅಂಗೈ ನೋಡಿಕೊಳ್ಳುತ್ತೇನೆ.