ದುಂಡಗೆ ಕತ್ತರಿಸಿದ ಗರಿಗಳು

ಹಿತ್ತಲಲ್ಲಿ ಏಳೆಂಟು ಕೋಳಿ ಸಾಕಿಕೊಂಡಿದ್ದ ಟೈಲರಮ್ಮನಿಗೆ ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸುವುದರಲ್ಲಿ ಬೀದಿಗೇ ಹೆಸರು. ಎರಡು ತಿಂಗಳ ಮರಿಯನ್ನು ಅಂಗೈಗೆ ತಂದಿಟ್ಟರೆ ಸಾಕು, ಕಾಲಿನ ದಪ್ಪ, ಜುಟ್ಟಿನ ಕೆಂಪು ನೋಡಿ ಹೇಳಿಬಿಡುತ್ತಿದ್ದಳು. ಅನುಮಾನವಿದ್ದರೆ ಇನ್ನೊಂದು ತಿಂಗಳು ಕಾಯಿರಿ ಅನ್ನುವಳು. ಆಗ ಬಾಲದ ಬುಡದಲ್ಲಿ ಹೊಸ ಗರಿ ಬರುತ್ತದೆ: ಹುಂಜದ್ದಾದರೆ ಶರ್ಟಿನ ಕಾಲರಿನಂತೆ ಚೂಪು, ಹೇಂಟೆಯದಾದರೆ ಮಗುವಿನ ಅಂಗಿಯ ಕಾಲರಿನಂತೆ ದುಂಡು.

ಅವಳ ಹಿತ್ತಲಲ್ಲಿ ಮಾತ್ರ ಹುಂಜ ಇರುವಂತಿರಲಿಲ್ಲ. ಮಹಡಿಯ ಮೇಲಿದ್ದ ಮನೆ ಮಾಲೀಕರು ರಾತ್ರಿ ಪಾಳಿ ಮುಗಿಸಿ ಬೆಳಗಾಗುವಾಗ ಮಲಗುವವರು. ಹೇಂಟೆ ಎಷ್ಟಾದರೂ ಸಾಕಿಕೊಳ್ಳಿ, ಕೂಗುವುದು ಬೇಡ ಎಂದು ಮೊದಲೇ ಹೇಳಿದ್ದರು. ಹೊರಗಿನಿಂದ ತಂದು ಸಾಕಿದ ಮರಿಗಳಲ್ಲಿ ಗಂಡೆಂದು ತಿಳಿದವೆಲ್ಲ ಕೋಳಿ ಅಂಗಡಿಗೆ ಹೋಗುತ್ತಿದ್ದವು.

ಒಂದು ವರ್ಷ ಅವಳ ತಂಗಿ ಕಾಯಿಲೆ ಬಿದ್ದು ಅಕ್ಕನ ಮನೆಗೆ ಬಂದಳು. ಕಂದು ಮರಿಯೊಂದು ಅವಳ ಹೊದಿಕೆಯ ಮಡಿಕೆಯಲ್ಲೇ ಬೆಳೆಯಿತು. ಒಂದು ಮಧ್ಯಾಹ್ನ ಅಕ್ಕ ಔಷಧಿ ಕುಡಿಸಲು ಬಂದಾಗ ತಂಗಿ ಕೇಳಿದಳು.

“ಇದು ಹೆಣ್ಣು ತಾನೆ, ಅಕ್ಕಾ? ಗಂಡಾದ್ರೆ ಕೊಟ್ಟುಬಿಡ್ತೀಯ.”

ಮರಿಯ ಕಾಲು ಆಗಲೇ ದಪ್ಪವಾಗಿತ್ತು. ಜುಟ್ಟು ಕೆಂಪೇರಿತ್ತು.

“ಹೆಣ್ಣೇ ಕಣೇ. ಇಲ್ಲೇ ಇರುತ್ತೆ.”

ತಂಗಿ ಆಮೇಲೆ ಹದಿನೆಂಟು ದಿನ ಬದುಕಿದಳು.

ಮರಿ ದೊಡ್ಡದಾಯಿತು. ನಿಮ್ಮ ಹೇಂಟೆಗೆ ಮೀಸೆ ಬರ್ತಿದೆಯಲ್ಲ ಎಂದು ಹಾಲಿನವನು ಕಿಚಾಯಿಸಿದ. ನಿಮ್ಮ ಹಾಲಿಗೆ ನೀರು ಬಂದ ಹಾಗೆ ಎಂದು ಅವಳು ಅವನ ಬಾಯಿ ಮುಚ್ಚಿಸಿದಳು. ಒಳಗೆ ಬಂದು ಅದನ್ನು ಹೊಲಿಗೆ ಮೇಜಿನ ಮೇಲೆ ಕೂರಿಸಿಕೊಂಡು, ದಾರ ಕತ್ತರಿಸುವ ಪುಟ್ಟ ಕತ್ತರಿಯಿಂದ ಚೂಪು ಗರಿಗಳ ತುದಿಯನ್ನು ಒಂದೊಂದಾಗಿ ದುಂಡು ಮಾಡಿದಳು. ಹೊಸ ಗರಿ ಬಂದಂತೆಲ್ಲ ಮತ್ತೆ ಕತ್ತರಿಸಿದಳು. ಬೀದಿಗೆಲ್ಲ ಗುರುತು ಹೇಳಿಕೊಟ್ಟವಳು, ಆ ಗುರುತು ಕಾಣದಿದ್ದರೆ ತಾನೂ ನಂಬಬಹುದು ಅಂದುಕೊಂಡಳೋ ಏನೋ.

ಒಂದು ಬೆಳಿಗ್ಗೆ ಅದು ಒಡಕು ಗಂಟಲಲ್ಲಿ ಕೂಗಿತು. ಅವಳು ಓಡಿಹೋಗಿ ಟವೆಲಿನಲ್ಲಿ ಸುತ್ತಿ ಎದೆಗವುಚಿಕೊಂಡಳು. ಒಳಗಿನಿಂದಲೇ ಮತ್ತೆ ಕೂಗಿತು. ನಾಲ್ಕನೆಯ ದಿನ ಮಾಲೀಕರು ಕೆಂಪು ಕಣ್ಣಿನಲ್ಲಿ ಕೆಳಗಿಳಿದು ಬಂದರು. ತಂಗಿಯನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗಿದ್ದವರು ಅವರೇ. ಬೈಯಲಿಲ್ಲ. ಭಾನುವಾರದ ತನಕ ಇರಲಿ ಎಂದಷ್ಟೇ ಹೇಳಿ ನೆಲ ನೋಡಿದರು. ಅವಳು ಗುರುತಿನವರ ಮನೆಗಳಲ್ಲೆಲ್ಲ ವಿಚಾರಿಸಿದಳು. ಇರುವ ಹುಂಜವೇ ಸಾಕಾಗಿದೆ ಎಂದರು.

ಭಾನುವಾರ ಕೋಳಿ ಅಂಗಡಿಯವನು ಬಂದು ಅದನ್ನು ಎತ್ತಿ, ತಿರುಗಿಸಿ ನೋಡಿದ.

“ಗರಿ ಯಾಕೆ ಹೀಗಿದೆ, ಅಕ್ಕಾ? ಏನಾದ್ರೂ ರೋಗಾನಾ?”

“ಇಲ್ಲಪ್ಪ. ನಾನೇ ಕತ್ತರಿಸಿದ್ದು.”

“ಅಯ್ಯೋ, ಯಾಕೆ?”

“ಹೆಣ್ಣು ಅಂತ ಹೇಳಿಬಿಟ್ಟಿದ್ದೆ.”

ಯಾರಿಗೆ ಎಂದು ಅವನು ಕೇಳಲಿಲ್ಲ. ಕಾಲು ಕಟ್ಟಲು ಜೇಬಿನಲ್ಲಿ ಹಗ್ಗ ಹುಡುಕಿದ, ಸಿಗಲಿಲ್ಲ. ಅವಳು ಒಳಗೆ ಹೋಗಿ ಮೆತ್ತನೆಯ ಬಟ್ಟೆಯ ಪಟ್ಟಿಯೊಂದನ್ನು ಹರಿದು ತಂದು, ಬಿಗಿಯಾಗದಂತೆ ತಾನೇ ಕಟ್ಟಿಕೊಟ್ಟಳು.